ಸ್ಪ್ಲೀನ್‌ನಲ್ಲಿ ಗಡ್ಡೆ: ಹೆಸರು ಗೊತ್ತಾಗುವುದೇ ಆಪರೇಷನ್ ಆದ ಮೇಲೆ

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬಂದವರು ಗ್ಯಾಸ್ಟ್ರಿಕ್ಕೋ, ಕಿಡ್ನಿ ಕಲ್ಲೋ ಅಂತ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸ್ತಾರೆ. ಕಲ್ಲು ಇರುವುದಿಲ್ಲ. ಆದರೆ ರಿಪೋರ್ಟಿನ ಕೊನೆಗೆ ‘ಸ್ಪ್ಲೀನ್‌ನಲ್ಲಿ ಗಡ್ಡೆಗಳು ಕಾಣುತ್ತಿವೆ’ ಎಂಬ ಒಂದು ಸಾಲು. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಸ್ಪ್ಲೀನ್ ಅಂದರೆ ಗುಲ್ಮ. ಎಡಗಡೆ ಪಕ್ಕೆಲುಬುಗಳ ಮರೆಯಲ್ಲಿರುವ, ಮುಷ್ಟಿ ಗಾತ್ರದ, ಸುಮಾರು 150 ಗ್ರಾಂ ತೂಕದ ಅಂಗ. ಹಳೆಯ ಕೆಂಪು ರಕ್ತಕಣಗಳನ್ನು ಸೋಸುವುದು, ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾಗಳನ್ನು ಹಿಡಿಯುವುದು ಇದರ ಕೆಲಸ. ನಮ್ಮ ಮಂಗಳೂರು ಕಡೆ ಗುಲ್ಮ ಊದಿಕೊಂಡಿದೆ ಅಂದ್ರೆ ಡಾಕ್ಟ್ರಿಗೆ ಮೊದಲು ನೆನಪಾಗುವುದು ಮಲೇರಿಯಾ. ಆಮೇಲೆ ಲಿವರ್ ಕಾಯಿಲೆ, ಟಿಬಿ. ಗುಲ್ಮದಲ್ಲೇ ಹುಟ್ಟುವ ಗಡ್ಡೆ ತೀರಾ ಅಪರೂಪ. ಅವುಗಳಲ್ಲಿ ಹೆಚ್ಚಾಗಿ ಸಿಗುವ ಹೆಮಾಂಜಿಯೋಮಾ ಕ್ಯಾನ್ಸರ್ ಅಲ್ಲ. ಸಣ್ಣದಿದ್ದರೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾ ಇದ್ದರೆ ಸಾಕು.

ತಲೆನೋವು ಬರುವುದು ‘ಲಿಟ್ಟೋರಲ್ ಸೆಲ್ ಆಂಜಿಯೋಮಾ’ದಂಥ ಗಡ್ಡೆಗಳಿಂದ. ಇದಕ್ಕೆ ಹೆಸರು ಸಿಕ್ಕಿದ್ದೇ 1991ರಲ್ಲಿ. ಗುಲ್ಮದ ಒಳಗಿನ ರಕ್ತದ ಓಣಿಗಳಿಗೆ ಅಸ್ತರಿಯಂತಿರುವ ಜೀವಕೋಶಗಳಿಂದ ಇದು ಹುಟ್ಟುತ್ತದೆ, ಹೆಚ್ಚಾಗಿ ಒಂದಲ್ಲ, ಹಲವು ಗಡ್ಡೆಗಳು. ಕೆಲವರಿಗೆ ರಕ್ತ ಕಡಿಮೆಯಾಗುತ್ತದೆ, ಪ್ಲೇಟ್ಲೆಟ್ ಇಳಿಯುತ್ತದೆ. ಇನ್ನು ಕೆಲವರಿಗೆ ಏನೂ ಗೊತ್ತೇ ಆಗುವುದಿಲ್ಲ. ಸಿಟಿ, ಎಂಆರ್‌ಐ ಎಲ್ಲ ಮಾಡಿದರೂ ಇದು ಅದೇ, ಕ್ಯಾನ್ಸರ್ ಅಲ್ಲ ಅಂತ ಖಚಿತವಾಗಿ ಹೇಳುವುದು ಕಷ್ಟ. ಆಂಜಿಯೋಸಾರ್ಕೋಮಾ ಎಂಬ ಕೆಟ್ಟ ಕ್ಯಾನ್ಸರ್ ಕೂಡ ಸ್ಕ್ಯಾನ್‌ನಲ್ಲಿ ಹೀಗೇ ಕಾಣಬಹುದು.

‘ಸೂಜಿ ಹಾಕಿ ತುಂಡು ತೆಗೆದು ನೋಡಬಹುದಲ್ವಾ’ ಅಂತ ಮನೆಯವರು ಕೇಳ್ತಾರೆ. ಗುಲ್ಮ ರಕ್ತ ತುಂಬಿದ ಸ್ಪಂಜಿನ ಹಾಗೆ. ಅದರಲ್ಲೂ ರಕ್ತನಾಳದ ಗಡ್ಡೆಗೆ ಸೂಜಿ ಚುಚ್ಚಿದರೆ ಒಳಗೇ ರಕ್ತ ಸೋರುವ ಭಯ. ಅದಕ್ಕೇ ಎಷ್ಟೋ ಸಲ ಇಡೀ ಗುಲ್ಮವನ್ನೇ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ರೋಗಪತ್ತೆಯೂ ಅದೇ, ಚಿಕಿತ್ಸೆಯೂ ಅದೇ. ಲಿಟ್ಟೋರಲ್ ಸೆಲ್ ಆಂಜಿಯೋಮಾ ಅಂತ ಬಂದರೆ ಸಮಾಧಾನ. ಆದರೂ ಈ ಗಡ್ಡೆ ಇದ್ದ ಕೆಲವರಲ್ಲಿ ಬೇರೆ ಅಂಗದ ಕ್ಯಾನ್ಸರ್ ಸಿಕ್ಕಿದ್ದುಂಟು, ಹಾಗಾಗಿ ಚೆಕಪ್ ಬಿಡಬಾರದು.

ಆಪರೇಷನ್‌ಗೆ ಒಪ್ಪುವ ಮೊದಲು ಹೆಪಟೈಟಿಸ್ ಸಿ ರಕ್ತಪರೀಕ್ಷೆ ಆಗಿದೆಯಾ ಅಂತ ಕೇಳಿ. ಗುಲ್ಮದ ಒಂದು ಬಗೆಯ ಲಿಂಫೋಮಾಕ್ಕೂ ಆ ವೈರಸ್‌ಗೂ ನಂಟಿದೆ. 2002ರಲ್ಲಿ ಫ್ರಾನ್ಸ್‌ನ ವೈದ್ಯರು ಅಂಥ 9 ಮಂದಿಗೆ ಹೆಪಟೈಟಿಸ್‌ನ ಮದ್ದು ಕೊಟ್ಟಾಗ, ವೈರಸ್ ಹೋದ 7 ಮಂದಿಯಲ್ಲಿ ಲಿಂಫೋಮಾವೂ ಕಾಣೆಯಾಗಿತ್ತು.

ಗುಲ್ಮ ಇಲ್ಲದೆ ಮನುಷ್ಯ ಬದುಕ್ತಾನಾ? ಬದುಕ್ತಾನೆ, ದುಡಿಯುತ್ತಾನೆ. ಆದರೆ ಅವನಿಗೆ ಬರುವ ಜ್ವರ ನಮ್ಮ ನಿಮ್ಮ ಜ್ವರದ ಹಾಗಲ್ಲ. ನ್ಯೂಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಜೀವ ತೆಗೆಯಬಲ್ಲದು. ಮೊದಲ ಎರಡು ವರ್ಷ ಅಪಾಯ ಜಾಸ್ತಿ, ಆದರೆ ಜೀವಮಾನವಿಡೀ ಅದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಆಪರೇಷನ್‌ಗೆ ಕನಿಷ್ಠ 2 ವಾರ ಮೊದಲೇ ನ್ಯೂಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳು ಆಗಬೇಕು. ಹಜ್‌ಗೆ ಹೋಗುವವರಿಗೆ ಕಡ್ಡಾಯವಾಗಿ ಕೊಡುವುದು ಇವುಗಳಲ್ಲಿ ಮೆನಿಂಗೋಕಾಕಸ್ ಲಸಿಕೆ. ಹಜ್ ಮಾಡಿ ಬಂದವರು ಆ ಕಾರ್ಡ್ ಡಾಕ್ಟ್ರಿಗೆ ತೋರಿಸಿ, ಆದರೆ ಉಳಿದ ಎರಡೂ ಅದರಲ್ಲಿ ಆಯ್ತು ಅಂದುಕೊಳ್ಳಬೇಡಿ.

ಮಳೆಗಾಲದಲ್ಲಿ ಸೊಳ್ಳೆಪರದೆ ಬೇಕೇ ಬೇಕು, ಗುಲ್ಮ ಇಲ್ಲದವರಿಗೆ ಮಲೇರಿಯಾವೂ ಜೋರಾಗಿ ಬರುತ್ತದೆ. ನಾಯಿ ಕಚ್ಚಿದರೆ ರೇಬೀಸ್ ಇಂಜೆಕ್ಷನ್ ಅಷ್ಟೇ ಸಾಲದು, ಗುಲ್ಮ ತೆಗೆದಿದ್ದಾರೆ ಅಂತಲೂ ಹೇಳಬೇಕು. ಚಳಿಜ್ವರ ಬಂದ ರಾತ್ರಿ ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡುವ ಅಂತ ಮಲಗುವಂತಿಲ್ಲ. ದುಬೈಯಲ್ಲಿರಲಿ, ದೇರಳಕಟ್ಟೆಯಲ್ಲಿರಲಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ‘ನನಗೆ ಸ್ಪ್ಲೀನ್ ಇಲ್ಲ’ ಎಂದು ಬರೆದ ಚೀಟಿ ಪರ್ಸಿನಲ್ಲಿರಲಿ, ಮಾತಾಡಲು ಆಗದಿದ್ದರೂ ಡ್ಯೂಟಿ ಡಾಕ್ಟ್ರು ಅದನ್ನು ಓದಬಹುದು.