ಕಂಠವೂ ವಾದ್ಯವೃಂದವೂ: ನೈಟ್‌ವಿಶ್ ತಂಡದ ವಿಕಾಸ

ರಾಕ್ ಸಂಗೀತದ ವಿದ್ಯುತ್ ಗಿಟಾರು ಹಾಗೂ ಡ್ರಮ್ಮುಗಳ ಅಬ್ಬರದೊಡನೆ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದವನ್ನೂ ಮೇಳಗಾನವನ್ನೂ ಕೂಡಿಸಿದ ಪ್ರಕಾರಕ್ಕೆ ಸಿಂಫೋನಿಕ್ ಮೆಟಲ್ ಎಂದು ಹೆಸರು. ಫಿನ್ಲೆಂಡಿನ ನೈಟ್‌ವಿಶ್ ತಂಡವನ್ನು ಅದರ ನಿದರ್ಶನವಾಗಿ ನಾವಿಲ್ಲಿ ಪರಿಶೀಲಿಸುತ್ತೇವೆ.

1996ರಲ್ಲಿ ಕಿಟೆ ಎಂಬ ಊರಿನ ಟುವೊಮಾಸ್ ಹೊಲೊಪೈನೆನ್ ಸಂಕಲ್ಪಿಸಿದ್ದು ಮೆಟಲ್ ಅಲ್ಲ. ಶಿಬಿರಾಗ್ನಿಯ ಸುತ್ತ ಹಾಡಬಹುದಾದ ಸೌಮ್ಯಸಂಗೀತ. ಆತನ ಕೀಲಿಮಣೆ, ಎಂಪ್ಪು ವುವೊರಿನೆನ್‌ನ ಗಿಟಾರು, ತಾರ್ಯ ತುರುನೆನ್‌ಳ ಕಂಠ, ಇಷ್ಟೇ ಸಾಮಗ್ರಿ. ಆದರೆ ಶಾಸ್ತ್ರೀಯ ಶಿಕ್ಷಣದಲ್ಲಿ ಪಳಗುತ್ತಿದ್ದ ಆ ಧ್ವನಿಯನ್ನು ಅಷ್ಟು ಮೆಲುವಾದ ಹಿಮ್ಮೇಳವು ಧರಿಸಲಾರದಾಯಿತು. ಕಂಠವನ್ನು ತಗ್ಗಿಸದೆ ಹಿಮ್ಮೇಳವನ್ನೇ ಏರಿಸಿದರು. ವಿದ್ಯುತ್ ಗಿಟಾರು ಬಂದಿತು. 1997ರಲ್ಲಿ ಯುಕ್ಕಾ ನೆವಲೈನೆನ್‌ನ ಡ್ರಮ್ ಸೇರಿತು. ಅದೇ ವರ್ಷ ಮೊದಲ ಆಲ್ಬಮ್ ಹೊರಬಿದ್ದಿತು. ಒಪೆರಾ ಕಂಠಕ್ಕೂ ಮೆಟಲ್ಲಿಗೂ ಎತ್ತಣ ಸಂಬಂಧವೆಂದು ಓದುಗರು ಕೇಳಬಹುದು. ತುಂಬಿದ ವಾದ್ಯವೃಂದವನ್ನು ಮೀರಿ ಕೇಳಿಸುವುದೇ ಅಂಥ ಕಂಠದ ಅಭ್ಯಾಸವಲ್ಲವೆ?

ಮೊದಮೊದಲು ವೃಂದದ ಕೆಲಸವನ್ನು ಬಹುಮಟ್ಟಿಗೆ ಕೀಲಿಮಣೆಯೇ ನಿರ್ವಹಿಸುತ್ತಿತ್ತು. 2004ರ ‘ವನ್ಸ್’ನಲ್ಲಿ ಲಂಡನ್ನಿನ ವಾದಕರೇ ನುಡಿಸಿದರು. ಮರುವರ್ಷ ಅಕ್ಟೋಬರಿನಲ್ಲಿ, ಹೆಲ್ಸಿಂಕಿಯ ಕಛೇರಿ ಮುಗಿದೊಡನೆ, ಬಹಿರಂಗ ಪತ್ರವೊಂದರ ಮೂಲಕ ತಾರ್ಯಳನ್ನು ತಂಡದಿಂದ ಬೇರ್ಪಡಿಸಲಾಯಿತು.

ತಂಡದ ಜೀವವಿದ್ದುದು ಕಂಠದಲ್ಲೋ ರಚನೆಯಲ್ಲೋ? 2007ರಲ್ಲಿ ಸ್ವೀಡನ್ನಿನ ಅನೆಟ್ ಓಲ್ಸೋನ್ ಒಪೆರಾ ರೀತಿಯದಲ್ಲದ ಕಂಠದಿಂದ ಹಾಡಿದಾಗ ಕೇಳುಗರು ಇಬ್ಭಾಗವಾದರು. ರಚನೆ ಕುಸಿಯಲಿಲ್ಲವೆಂಬುದು ನಿಜ. ಆದರೂ ಆ ಎತ್ತರವು ಮೊದಲ ಗಾಯಕಿಯ ಅಳತೆಗೆ ಕಟ್ಟಿದ್ದೆಂದೇ ನಮ್ಮ ಅಭಿಪ್ರಾಯ. 2012ರಲ್ಲಿ ಬಂದ ನೆದರ್ಲೆಂಡ್ಸಿನ ಫ್ಲೋರ್ ಯಾನ್ಸೆನ್ ಎರಡು ರೀತಿಗಳನ್ನೂ ಬಲ್ಲವಳಾದುದರಿಂದ, ಹಳೆಯ ಗೀತೆಗಳು ಮತ್ತೆ ಆ ಎತ್ತರದಲ್ಲಿ ಕೇಳಿಬಂದವು.