ನಡಿಗೆ ಬಂತು, ಕುತ್ತಿಗೆ ಇನ್ನೂ ಹಸಿ

ಹುಣ್ಣಿಮೆಯ ದಿನ ಹಿಟ್ನಾಳದ ಟೋಲ್ ಹತ್ತಿರ ಕಾರುಗಳು ನಿಧಾನವಾದಾಗ ಒಳಗೊಮ್ಮೆ ಕಣ್ಣು ಹಾಯಿಸಿ. ಹುಲಿಗೆಮ್ಮನ ಸನ್ನಿಧಿಯಲ್ಲಿ ಜವಳ ತೆಗೆಸಿಕೊಂಡು, ನುಣ್ಣನೆಯ ತಲೆಗೆ ಗಂಧ ಹಚ್ಚಿಸಿಕೊಂಡ ಕೂಸು ಮುಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ನಿಂತಿರುತ್ತದೆ. ಎರಡೂ ಅಂಗೈ ಡ್ಯಾಶ್‌ಬೋರ್ಡಿನ ಮೇಲೆ. ಗೇಟು ಎದ್ದೊಡನೆ ಕಾರು ವೇಗ ಹಿಡಿಯುತ್ತದೆ. ಕೂಸು ಹಾಗೇ ನಿಂತಿರುತ್ತದೆ. ಪ್ರತಿ ಸಲವೂ ನನ್ನ ಎದೆ ಧಸಕ್ಕೆನ್ನುತ್ತದೆ.

ಆ ಕಡೆಯ ತಾಯಿಯೊಬ್ಬಳು ಈಚೆಗೆ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಆಕೆಯ ಮಗನಿಗೆ ಹದಿನಾಲ್ಕು ತಿಂಗಳು. ಮನೆಯಲ್ಲಿ ಮಕ್ಕಳ ಕಾರ್ ಸೀಟು ಇದೆ. ಅದರಲ್ಲಿ ಕೂಸು ಹಿಂದಕ್ಕೆ, ಅಂದರೆ ಕಾರಿನ ಹಿಂಬದಿಯ ಗಾಜಿನ ಕಡೆಗೆ ಮುಖ ಮಾಡಿ ಕೂರುತ್ತದೆ. "ಈಗ ಅಡ್ಡಾಡಾಕ ಹತ್ತ್ಯಾನ್ರೀ. ಇನ್ನ ಸೀಟು ಮುಂದಕ ತಿರುಗಿಸಬಹುದಲ್ಲ?"

ಎಷ್ಟು ಸಹಜವಾದ ಪ್ರಶ್ನೆ! ಬೋರಲು ಬಿದ್ದಾಗ, ಅಂಬೆಗಾಲಿಟ್ಟಾಗ, ಹೊಸ್ತಿಲು ದಾಟಿದಾಗ ಒಂದೊಂದಕ್ಕೂ ನಮ್ಮಲ್ಲಿ ಸಡಗರವಿದೆ. ನಡೆಯಲು ಕಲಿತ ಮೇಲೆ ಅದನ್ನು ಕೂಸು ಎನ್ನಲೂ ಮನಸ್ಸು ಹಿಂಜರಿಯುತ್ತದೆ.

ಈ ನಡಿಗೆಯೇ ಒಂದು ಬೆರಗು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯುವುದು 8.2ರಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಡೆದಿದ್ದವು. ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ಓಡಿತೆಂದು ಕೊರಗುವವರು ಈ ಅಂಕಿಗಳನ್ನು ನೋಡಿ ನೆಮ್ಮದಿಯಾಗಿರಬಹುದು. ನ್ಯೂಯಾರ್ಕಿನ ಮನೋವಿಜ್ಞಾನಿ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು: ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಗು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ.

ಗಂಟೆಗೆ ಹದಿನೇಳು ಸಲ! ಆದರೂ ಏಟಾಗುವುದಿಲ್ಲ, ಯಾಕೆಂದರೆ ಅದು ಬೀಳುವುದು ಗೇಣೆರಡು ಗೇಣು ಎತ್ತರದಿಂದ, ಕುಂಡೆಯ ಮೇಲೆ. ನೆಲ ಮುಟ್ಟುವಾಗಿನ ವೇಗ ಗಂಟೆಗೆ 10 ಕಿ.ಮೀ. ಆಸುಪಾಸು. ಇಷ್ಟು ಬಿದ್ದರೂ ನಗುತ್ತ ಏಳುವ ಕೂಸನ್ನು ನೋಡಿ ಅದು ಗಟ್ಟಿಯಾಗಿದೆ ಎಂದುಕೊಳ್ಳುತ್ತೇವೆ.

ಕಾರಿನ ವೇಗವನ್ನೂ ಬೀಳುವ ಎತ್ತರಕ್ಕೆ ಪರಿವರ್ತಿಸಿ ನೋಡೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆದು ನಿಲ್ಲುವುದು ಆರು ಮೀಟರ್ ಮೇಲಿಂದ, ಅಂದರೆ ಎರಡಂತಸ್ತಿನ ಮಾಳಿಗೆಯಿಂದ ನೆಲಕ್ಕೆ ಬಿದ್ದಂತೆ. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿ: 80ಕ್ಕೆ 25 ಮೀಟರ್. 100ಕ್ಕೆ 39 ಮೀಟರ್. ಹಿಟ್ನಾಳದವರಿಗೆ ಇದನ್ನು ತೋರಿಸಲು ದೂರ ಹೋಗಬೇಕಿಲ್ಲ, ಮುನಿರಾಬಾದಿನ ಡ್ಯಾಮ್ ಇದೆ. ಬುನಾದಿಯ ತಳದಿಂದ ತುಂಗಭದ್ರಾ ಅಣೆಕಟ್ಟಿನ ಎತ್ತರ ಸುಮಾರು 49.5 ಮೀಟರ್. ಹೆದ್ದಾರಿಯಲ್ಲಿ ಮುಳ್ಳು ನೂರನ್ನು ಮುಟ್ಟಿದಾಗ, ಡ್ಯಾಮಿನ ಐದರಲ್ಲಿ ನಾಲ್ಕು ಪಾಲು ಎತ್ತರದ ಅಂಚಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಹಾಗೆ.

"ನಾ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಎನ್ನುವ ಅಜ್ಜಿಯ ಪ್ರೀತಿಯಲ್ಲಿ ಲವಲೇಶವೂ ಕೊರತೆಯಿಲ್ಲ, ತೋಳಿಗೆ ಮಾತ್ರ ಅಷ್ಟು ಕಸುವಿಲ್ಲ. ಹತ್ತು ಕಿಲೊ ತೂಕದ ಕೂಸು, 50 ಕಿ.ಮೀ. ವೇಗದ ಕಾರು. ಡಿಕ್ಕಿಯಲ್ಲಿ ಕಾರು ನಿಲ್ಲಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟರಲ್ಲಿ ಕೂಸನ್ನು ತಡೆದು ನಿಲ್ಲಿಸಲು ಸುಮಾರು 140 ಕಿಲೊ ಭಾರವನ್ನು ಎತ್ತುವಷ್ಟು ಬಲ ಬೇಕು. ಗಂಗಾವತಿಯ ಕಡೆ ಭತ್ತದ ಚೀಲವೆಂದರೆ 75 ಕಿಲೊ. ಹೆಚ್ಚುಕಡಿಮೆ ಎರಡು ತುಂಬಿದ ಚೀಲಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕೈಯಿಂದ ಕಿತ್ತುಕೊಂಡು ಹೋಗುತ್ತವೆ. ಹಮಾಲರ ತೋಳೂ ತಡೆಯಲಾರದು.

ಕಟ್ಟಿ ಕೂರಿಸಬೇಕು ಎಂಬಲ್ಲಿಗೆ ಮಾತು ಮುಗಿಯಿತು. ಆದರೆ ಯಾವ ಕಡೆಗೆ ಮುಖ ಮಾಡಿಸಿ? ತಾಯಿ ಕೇಳಿದ್ದು ಇದನ್ನೇ, ಮತ್ತು ಇದರ ಉತ್ತರ ಕಾಲಿನಲ್ಲಿಲ್ಲ, ಕುತ್ತಿಗೆಯಲ್ಲಿದೆ.

ಹುಟ್ಟಿದ ಕೂಸಿನ ಒಟ್ಟು ಉದ್ದದಲ್ಲಿ ತಲೆಯೇ ಕಾಲು ಭಾಗ. ದೊಡ್ಡವರಲ್ಲಿ ಏಳರಲ್ಲೊಂದು ಭಾಗದ ಸುಮಾರು. ಈ ಭಾರವಾದ ತಲೆಯನ್ನು ಹೊತ್ತ ಕುತ್ತಿಗೆಯ ಮೂಳೆಗಳು ಇನ್ನೂ ಇಡಿಯಾಗಿರುವುದಿಲ್ಲ. ಒಂದೊಂದು ಮಣಿಯೂ ತುಂಡುತುಂಡಾಗಿದ್ದು, ನಡುವೆ ಮೆತ್ತನೆಯ ಮೃದ್ವಸ್ಥಿ ಇರುತ್ತದೆ. ಕಿನ್ನಾಳದ ಗೊಂಬೆ ಮಾಡುವುದನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹಗುರ ಮರದಲ್ಲಿ ಅಂಗಗಳನ್ನು ಬೇರೆಬೇರೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಕೂಡಿಸಿದ ಗಳಿಗೆಯಲ್ಲೇ ಗೊಂಬೆ ಪೂರ್ತಿಯಾದಂತೆ ಕಾಣುತ್ತದೆ, ನಿಲ್ಲಿಸಿದರೆ ನಿಲ್ಲಲೂಬಹುದು. ಆದರೆ ಅಂಟು ಹಸಿ. ಮುಂಡವನ್ನು ಹಿಡಿದು ರುಂಡವನ್ನು ಜಗ್ಗಿದರೆ ಕಳಚಿಕೊಳ್ಳುತ್ತದೆ. ನಮ್ಮ ಕೂಸಿನ ಕುತ್ತಿಗೆಯ ಎರಡನೇ ಮಣಿಯ ತುಂಡುಗಳು ಬೆಸೆದುಕೊಳ್ಳುವುದು ಮೂರರಿಂದ ಆರು ವರ್ಷದ ನಡುವೆ. ನಡಿಗೆಯನ್ನು ಸ್ನಾಯು ಮತ್ತು ಮಿದುಳು ಕಲಿಯುತ್ತವೆ, ದಿನಕ್ಕೆ ಸಾವಿರಾರು ಹೆಜ್ಜೆ ಹಾಕಿ ಬೇಗ ಕಲಿಯುತ್ತವೆ. ಮೂಳೆಗೆ ಆ ಅವಸರ ಗೊತ್ತಿಲ್ಲ. ಎಂಟು ತಿಂಗಳಿಗೇ ನಡೆದ ಕೂಸಿನ ಅಂಟು ಬೇಗ ಒಣಗುವುದಿಲ್ಲ.

ಮುಂದಕ್ಕೆ ಮುಖ ಮಾಡಿದ ಮಗುವಿನ ಮುಂಡವನ್ನು ಡಿಕ್ಕಿಯಲ್ಲಿ ಪಟ್ಟಿ ಹಿಡಿದು ನಿಲ್ಲಿಸುತ್ತದೆ, ತಲೆ ಮುಂದಕ್ಕೆ ಚಿಮ್ಮುತ್ತದೆ. ಒಳಗಿನ ಬೆನ್ನುಹುರಿಗೆ ಅಷ್ಟು ಹಿಗ್ಗುವ ಗುಣವಿಲ್ಲ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ. ಬಲ ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ಇದನ್ನು ಮೈಮೇಲೆ ಪ್ರಯೋಗಿಸಿ ನೋಡಿದವರಲ್ಲಿ ಜಾನ್ ಸ್ಟ್ಯಾಪ್ ಎಂಬ ಅಮೆರಿಕದ ವಾಯುಪಡೆಯ ವೈದ್ಯ ನನಗೆ ಬಹಳ ಇಷ್ಟ. 1947ರಲ್ಲಿ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಗೆ ತನ್ನನ್ನೇ ಕಟ್ಟಿಸಿಕೊಂಡು, ಮೊದಲು ಹಿಂದಕ್ಕೆ ಮುಖ ಮಾಡಿ ಕೂತ. 1954ರ ಡಿಸೆಂಬರ್‌ನಲ್ಲಿ ಗಂಟೆಗೆ 1,017 ಕಿ.ಮೀ. ವೇಗಕ್ಕೇರಿ 1.4 ಸೆಕೆಂಡಿನಲ್ಲಿ ನಿಂತ. ತನ್ನ ತೂಕದ 46 ಪಟ್ಟು ಬಲವನ್ನು ತಡೆದುಕೊಂಡು ಬದುಕಿದ. ಸೈನಿಕರ ವಿಮಾನಗಳಲ್ಲಿ ಆಸನಗಳು ಹಿಂದಕ್ಕೆ ಮುಖ ಮಾಡಿರಲಿ ಎಂದು ವಾದಿಸುತ್ತಲೇ ಇದ್ದ.

ಮಕ್ಕಳ ಕಡೆಗೆ ಈ ತಿಳಿವನ್ನು ತಿರುಗಿಸಿದವನು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್. ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ಬೆನ್ನಿನ ಮೇಲೆ ಒತ್ತಡ ಹೊರುವಂತೆ ಒರಗಿರುವ ಆಸನ ಅವನ ಕಣ್ಣಿಗೆ ಬಿತ್ತು. 1964ರಲ್ಲಿ ವೋಲ್ವೊ ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟಿನ ಮೊದಲ ಮಾದರಿಯನ್ನು ಪರೀಕ್ಷಿಸಿದರು. ಅದಕ್ಕೂ ಮುಂಚೆ ಮಕ್ಕಳ ಸೀಟುಗಳಿದ್ದವು, ಆದರೆ ಮಗು ಒಂದೆಡೆ ಕೂತಿರಲಿ, ಕಿಟಕಿಯಾಚೆ ನೋಡಲಿ ಎಂಬುದಷ್ಟೇ ಅವುಗಳಲ್ಲಿ ಹೆಚ್ಚಿನವುಗಳ ಉದ್ದೇಶ. ಸ್ವೀಡನ್ನಿನಲ್ಲಿ ಇಂದಿಗೂ ನಾಲ್ಕು ವರ್ಷದವರೆಗೆ ಮಕ್ಕಳನ್ನು ಹಿಂದಕ್ಕೆ ಮುಖ ಮಾಡಿಸಿಯೇ ಕೂರಿಸಲು ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ವಯಸ್ಸಿನ ಗೆರೆಯನ್ನೇ ಕೈಬಿಟ್ಟು, ಸೀಟಿನ ಮಿತಿ ಮುಟ್ಟುವವರೆಗೂ ಹಾಗೇ ಇರಲಿ ಎಂದಿತು.

ನಮ್ಮಲ್ಲೂ ಕಾನೂನಿದೆ. 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಮಿನಂತೆ, ಹದಿನಾಲ್ಕು ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಓಡಿಸಿದರೆ ಸಾವಿರ ರೂಪಾಯಿ ದಂಡ. ಆದರೆ ಜನರ ಬಾಯಲ್ಲಿರುವುದು ಸ್ಟಾರ್‌ಗಳ ಮಾತು. 2023ರಲ್ಲಿ ಕಾರುಗಳಿಗೆ ಡಿಕ್ಕಿ ಹೊಡೆಸಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಬಂದ ಮೇಲೆ "ನಮ್ದು ಫೈವ್ ಸ್ಟಾರ್ ಗಾಡಿ" ಎಂಬ ಹೆಮ್ಮೆ ಎಲ್ಲೆಡೆ ಕೇಳುತ್ತದೆ. ಆ ಪರೀಕ್ಷೆ ಒಳ್ಳೆಯದೇ. ಆದರೆ ಅಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕಟ್ಟಿ ಕೂರಿಸಿ ಡಿಕ್ಕಿ ಹೊಡೆಸುತ್ತಾರೆ. ತೊಡೆಯ ಮೇಲೆ ನಿಂತ ಕೂಸಿಗೆ ಆ ಸ್ಟಾರ್‌ಗಳಲ್ಲಿ ಒಂದೂ ಸೇರಿದ್ದಲ್ಲ. ಜಾಹೀರಾತಿನಲ್ಲಿ ಇದನ್ನು ದಪ್ಪಕ್ಷರದಲ್ಲಿ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ತಾಯಿಗೆ ನಾನು ಹೇಳಿದ್ದು: ಈಗಲೇ ತಿರುಗಿಸಬೇಡಮ್ಮ. ಸೀಟಿನ ಬದಿಯ ಚೀಟಿಯಲ್ಲಿ ಹಿಂದಕ್ಕೆ ಮುಖ ಮಾಡಿಸಲು ಎಷ್ಟು ತೂಕ, ಎಷ್ಟು ಎತ್ತರದವರೆಗೆ ಸರಿ ಎಂದು ಬರೆದಿರುತ್ತದೆ. ಮಗ ಅದನ್ನು ಮುಟ್ಟುವವರೆಗೆ ಹೀಗೇ ಇರಲಿ. ಸೀಟು ಹಿಂದಿನ ಸಾಲಿನಲ್ಲಿರಲಿ. ಮುಂದೆ ಏರ್‌ಬ್ಯಾಗ್ ಉಬ್ಬಿದರೆ ಚಿಪ್ಪಿನ ಬೆನ್ನಿಗೇ ಗುದ್ದುತ್ತದೆ. ಭುಜದ ಹತ್ತಿರ ಪಟ್ಟಿಯನ್ನು ಚಿವುಟಿ ನೋಡು, ಬೆರಳಿಗೆ ಮಡಿಕೆ ಸಿಕ್ಕರೆ ಇನ್ನೂ ಬಿಗಿಯಬೇಕು.

"ಕಾಲು ಮಡಚಬೇಕಾಗ್ತತಲ್ರೀ ಅವಂಗ, ನೋಯೂದಿಲ್ಲೇನು?" ಎಂದಳು. ಮನೆಯಲ್ಲಿ ಊಟಕ್ಕೆ ಹೇಗೆ ಕೂರುತ್ತಾನೆ ಎಂದು ಕೇಳಿದೆ. ಚಕ್ಕಳಮಕ್ಕಳ ಹಾಕಿಕೊಂಡು, ಅಂದಳು. ಸೀಟಿನಲ್ಲೂ ಅವನು ಹಾಗೇ ಕೂರುತ್ತಾನೆ.