ಕಟ್ಟಡದ ಹಕ್ಕೂ ಮುಂಚಿತ ನೋಟೀಸೂ

ಅಂಗಿ ಹೊಲಿದ ದರ್ಜಿಯು ಕೂಲಿ ಕೈಸೇರುವವರೆಗೆ ಅದನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಹುದು. ಬೇರೆ ಒಪ್ಪಂದವಿಲ್ಲದಿದ್ದರೆ, ನಮ್ಮ 1872ರ ಕರಾರು ಕಾಯಿದೆಯ 170ನೆಯ ಕಲಮು ಅವನಿಗೆ ಈ ಹಕ್ಕನ್ನು ಕೊಡುತ್ತದೆ. ಆದರೆ ಗೋಡೆ ಕಟ್ಟಿದ ಗಾರೆಯವನು ಏನನ್ನು ಹಿಡಿದಿಟ್ಟುಕೊಳ್ಳಬೇಕು? ಮರ ಮಾರಿದವನು ಸೂರು ಸೇರಿದ ತೊಲೆಯನ್ನು ಬಿಚ್ಚಿಕೊಂಡು ಹೋಗಲಾದೀತೆ?

ಈ ತೊಡಕಿಗೆ ಅಮೆರಿಕದವರು ಕಂಡುಕೊಂಡ ಪರಿಹಾರವೇ ಕಟ್ಟಡದ ಮೇಲಿನ ‘ಲಿಯನ್’ ಎಂಬ ಹಕ್ಕು. ಬಾಕಿ ತೀರದಿದ್ದರೆ ಅದರ ಹೊರೆ ಆ ಸ್ವತ್ತಿನ ಮೇಲೆಯೇ ಕೂರುತ್ತದೆ; ಕೊನೆಗೆ ನ್ಯಾಯಾಲಯದ ಮೂಲಕ ಸ್ವತ್ತನ್ನು ಮಾರಿಸಿ ವಸೂಲು ಮಾಡಲೂ ಬಹುದು. ವಾಷಿಂಗ್‌ಟನ್ ನಗರವನ್ನು ಕಟ್ಟಲು ತೊಡಗಿದ್ದ ಕಾಲದಲ್ಲಿ, 1791ರಲ್ಲಿ, ಮೇರಿಲೆಂಡ್ ರಾಜ್ಯವು ಆ ದೇಶದ ಇಂಥ ಮೊದಲ ಶಾಸನವನ್ನು ಮಾಡಿತು. ಕ್ಯಾಲಿಫೋರ್ನಿಯವಂತೂ 1879ರ ತನ್ನ ಸಂವಿಧಾನದಲ್ಲಿಯೇ ಈ ಹಕ್ಕನ್ನು ಬರೆದಿಟ್ಟಿತು.

ಇದರಲ್ಲಿ ಮನೆಯ ಯಜಮಾನನಿಗೊಂದು ಅಪಾಯವುಂಟು. ಅವನು ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟಿರುತ್ತಾನೆ. ಗುತ್ತಿಗೆದಾರನು ಮರದ ಅಂಗಡಿಯವನಿಗೆ ಕೊಟ್ಟಿರುವುದಿಲ್ಲ. ಹೆಸರನ್ನೇ ಕೇಳರಿಯದ ಆ ವ್ಯಾಪಾರಿ ಮನೆಯ ಮೇಲೆ ಹಕ್ಕು ಹೂಡಿದರೆ, ಒಂದೇ ತೊಲೆಗೆ ಎರಡು ಸಲ ಹಣ ತೆರಬೇಕಾದೀತು.

ಇದನ್ನು ತಪ್ಪಿಸಲೆಂದೇ ಕ್ಯಾಲಿಫೋರ್ನಿಯದ ಕಾನೂನು ಮುಂಚಿತ ನೋಟೀಸನ್ನು ವಿಧಿಸಿದೆ. ಯಜಮಾನನೊಡನೆ ನೇರ ಕರಾರಿಲ್ಲದ ಉಪಗುತ್ತಿಗೆದಾರರೂ ಸಾಮಗ್ರಿ ಒದಗಿಸುವವರೂ ಕೆಲಸಕ್ಕೆ ತೊಡಗಿದ 20 ದಿನಗಳೊಳಗೆ, ತಾವು ಯಾರು, ಏನನ್ನು ಒದಗಿಸುತ್ತಿದ್ದೇವೆ, ಅಂದಾಜು ಬೆಲೆಯೆಷ್ಟು ಎಂಬುದನ್ನು ಯಜಮಾನನಿಗೂ ಮುಖ್ಯ ಗುತ್ತಿಗೆದಾರನಿಗೂ, ಕಟ್ಟಡಕ್ಕೆ ಸಾಲ ಕೊಟ್ಟವರಿದ್ದರೆ ಅವರಿಗೂ ಬರೆದು ತಿಳಿಸಬೇಕು. ಕೂಲಿಗೆ ದುಡಿಯುವ ಕೆಲಸಗಾರರಿಗೆ ಮಾತ್ರ ಈ ಕಟ್ಟಳೆಯಿಲ್ಲ.

ತಡವಾದರೆ? ಜೂನ್ 1ರಿಂದ ಮರ ಒದಗಿಸುತ್ತಿರುವ ವ್ಯಾಪಾರಿಯು ಜುಲೈ 15ರಂದು ನೋಟೀಸು ಕೊಟ್ಟನೆನ್ನಿ. ಹಿಂದಿನ 20 ದಿನಗಳ, ಎಂದರೆ ಜೂನ್ 25ರಿಂದೀಚಿನ ಸರಕಿಗೆ ಮಾತ್ರ ಅವನ ಹಕ್ಕು ಉಳಿಯುತ್ತದೆ. ಅದಕ್ಕೆ ಮೊದಲಿನ ಬಾಕಿಗೆ ಮನೆ ಹೊಣೆಯಲ್ಲ. ಅದನ್ನು ಗುತ್ತಿಗೆದಾರನಿಂದಲೇ ಕೇಳಬೇಕು.

ನಿಮ್ಮ ಮಗನೋ ಮಗಳೋ ಅಲ್ಲಿ ಮನೆ ಕಟ್ಟಿಸುತ್ತಿದ್ದು, ಇಂಥ ಪತ್ರ ಬಂದಿತೆಂದು ಗಾಬರಿಯಿಂದ ತಿಳಿಸಿದರೆ, ಅದು ದೂರೂ ಅಲ್ಲ, ದಾವೆಯೂ ಅಲ್ಲವೆಂದು ಸಮಾಧಾನ ಹೇಳಿ. ಹಕ್ಕು ಕೂರಬೇಕಾದರೆ ವ್ಯಾಪಾರಿಯು ಮುಂದೆ ಕೌಂಟಿಯ ದಾಖಲೆ ಕಚೇರಿಯಲ್ಲಿ ಅದನ್ನು ಬೇರೆಯಾಗಿ ನೋಂದಾಯಿಸಬೇಕು. ಪತ್ರವನ್ನು ಜೋಪಾನವಾಗಿಟ್ಟು, ಗುತ್ತಿಗೆದಾರನಿಗೆ ಮುಂದಿನ ಕಂತು ಕೊಡುವ ಮುನ್ನ ಆ ವ್ಯಾಪಾರಿಯ ಬಾಕಿ ತೀರಿದೆಯೇ ಎಂದು ವಿಚಾರಿಸಿ, ಅವನಿಂದ ಹಕ್ಕು ಬಿಟ್ಟ ಪತ್ರವನ್ನು ಪಡೆಯುವುದು ಲೇಸು.